ರಿಫ್ಲೆಕ್ಟಿವ್ ಬರಹ: ನಡೆದದ್ದರ ಹಿಂದೆ ಅಂದುಕೊಂಡದ್ದನ್ನು ಹುಡುಕುವುದು ಹೇಗೆ?

ಇಂಟರ್ನ್‌ಶಿಪ್ ಮುಗಿದಿರುತ್ತದೆ, ಇಲ್ಲವೇ ಗ್ರೂಪ್ ಪ್ರಾಜೆಕ್ಟ್ ಸಲ್ಲಿಸಿ ಆಗಿರುತ್ತದೆ. ಕಟ್ಟಕಡೆಗೆ ಒಂದು ಅಸೈನ್‌ಮೆಂಟ್ ಬಾಕಿ: ‘ನಿಮ್ಮ ಅನುಭವದ ಬಗ್ಗೆ 1000 ಪದಗಳ ರಿಫ್ಲೆಕ್ಷನ್ ಬರೆಯಿರಿ’, ಅಂದರೆ ನಡೆದದ್ದನ್ನು ಹಿಂತಿರುಗಿ ನೋಡಿ ಯೋಚಿಸಿ ಬರೆಯಿರಿ. ಕೊಡಬೇಕಾದ ದಿನದ ಹಿಂದಿನ ರಾತ್ರಿ ಕೂತು ಬರೆದ ಇಂಥ ಬರಹಗಳಲ್ಲಿ ಬಹುಪಾಲು ಒಂದೇ ಅಚ್ಚಿನವು. ಮುಕ್ಕಾಲು ಭಾಗ ಯಾವ ದಿನ ಏನು ಮಾಡಿದೆವು ಎಂಬ ವರದಿ. ಕೊನೆಗೆ ‘ಈ ಅನುಭವದಿಂದ ತಂಡದ ಕೆಲಸ, ಸಮಯಪಾಲನೆ ಮತ್ತು ಸಂವಹನದ ಮಹತ್ವ ಅರಿವಾಯಿತು’ ಎಂಬ ಸಾಲು. ಬರೆದವರ ಹೆಸರು ಅಳಿಸಿ ಪಕ್ಕದ ಬೆಂಚಿನವರ ಹೆಸರು ಹಾಕಿದರೂ ಏನೂ ವ್ಯತ್ಯಾಸವಾಗದು.

ಪೂರ್ತಿ ತಪ್ಪು ವಿದ್ಯಾರ್ಥಿಗಳ ಮೇಲೆ ಹೊರಿಸುವಂತಿಲ್ಲ. ಲ್ಯಾಬ್ ರೆಕಾರ್ಡ್ ಬರೆಯುವುದನ್ನು ಯಾರೋ ಹೇಳಿಕೊಟ್ಟಿರುತ್ತಾರೆ, ಪ್ರಬಂಧ ಬರೆಯುವುದನ್ನೂ ಹೇಳಿಕೊಟ್ಟಿರುತ್ತಾರೆ. ಇದೊಂದನ್ನು ಮಾತ್ರ ‘ನಿಮಗೆ ಅನಿಸಿದ್ದು ಬರೆಯಿರಿ’ ಎಂದು ಕೈಬಿಟ್ಟುಬಿಡುತ್ತಾರೆ. ಅನಿಸಿದ್ದನ್ನು ಬರೆದರೆ ಸಾಕಾಗಿದ್ದರೆ ಅದಕ್ಕೆ ಅಂಕ ಕೊಡುವ ಗೋಜಾದರೂ ಯಾಕೆ?

ನನ್ನ ಲೆಕ್ಕದಲ್ಲಿ ಈ ಬರಹಕ್ಕಿರುವುದು ಒಂದೇ ಕೆಲಸ. ಒಂದು ಸಂದರ್ಭದಲ್ಲಿ ನೀವು ಹೇಗೆ ನಡೆದುಕೊಂಡಿರೋ, ಅದರ ಹಿಂದೆ ನಿಮಗೇ ಸರಿಯಾಗಿ ಕಾಣದಿದ್ದ ಒಂದು ನಂಬಿಕೆ ಇರುತ್ತದೆ. ಅದನ್ನು ಹಿಡಿದು ಕಾಗದದ ಮೇಲೆ ಇಡಬೇಕು. ಅದು ಪರೀಕ್ಷೆಗೆ ನಿಲ್ಲುತ್ತದೋ ಇಲ್ಲವೋ ನೋಡಬೇಕು. ನಿಲ್ಲದಿದ್ದರೆ ಮುಂದಿನ ಸಲ ಒಂದು ಕೆಲಸವನ್ನಾದರೂ ಬೇರೆ ಥರ ಮಾಡಬೇಕು. ಕೆಳಗೆ ಹೇಳುವ ಆರು ಹಂತಗಳೆಲ್ಲ ಇದಕ್ಕೆ ಏರ್ಪಾಡು.

ಇದನ್ನು ಬರೆಸುವುದು ಯಾಕೆ?

ಅಮೆರಿಕದ ತತ್ತ್ವಶಾಸ್ತ್ರಜ್ಞ ಜಾನ್ ಡ್ಯೂಯಿ ಈ ಬಗೆಯ ಯೋಚನೆಯನ್ನು 1910ರಲ್ಲೇ ಬಿಡಿಸಿ ಹೇಳಿದ್ದರು. ಒಂದು ನಂಬಿಕೆ ಯಾವ ಆಧಾರದ ಮೇಲೆ ನಿಂತಿದೆ, ಅದನ್ನು ಒಪ್ಪಿಕೊಂಡರೆ ಮುಂದೆ ಎಲ್ಲಿಗೆ ಹೋಗಿ ಮುಟ್ಟುತ್ತೇವೆ ಎಂದು ಪಟ್ಟುಬಿಡದೆ, ಜಾಗ್ರತೆಯಿಂದ ನೋಡುವುದು ಎಂಬುದು ಅವರ ವಿವರಣೆಯ ಸಾರ. ಗಮನಿಸಿ, ಅವರ ಮಾತು ಶುರುವಾಗುವುದೇ ನಂಬಿಕೆಯಿಂದ, ಭಾವನೆಯಿಂದಲ್ಲ. 1983ರಲ್ಲಿ ಅಮೆರಿಕದ ಚಿಂತಕ ಡೊನಾಲ್ಡ್ ಶಾನ್ ವೃತ್ತಿಪರರ ಕೆಲಸದಲ್ಲಿ ಎರಡು ಬಗೆಯ ಅವಲೋಕನ ಗುರುತಿಸಿದರು: ಕೆಲಸ ಮಾಡುತ್ತಲೇ ಯೋಚಿಸಿ ದಾರಿ ಬದಲಿಸುವುದು ಒಂದು, ಮುಗಿದ ಮೇಲೆ ಹಿಂತಿರುಗಿ ನೋಡುವುದು ಇನ್ನೊಂದು. ಮೊದಲನೆಯದು ಪಳಗಿದವರಿಗೆ ಒಲಿಯುವಂಥದ್ದು. ಮೊಟ್ಟಮೊದಲ ಸಲ ಮಕ್ಕಳ ಮುಂದೆ ನಿಂತ ತರಬೇತಿ ಶಿಕ್ಷಕಿಗೋ, ಮೊದಲ ಸಲ ರೋಗಿಯ ಹಾಸಿಗೆಯ ಬಳಿ ನಿಂತ ನರ್ಸಿಂಗ್ ವಿದ್ಯಾರ್ಥಿಗೋ ಆ ಹೊತ್ತಿನಲ್ಲಿ ಯೋಚಿಸಲು ಪುರುಸೊತ್ತೆಲ್ಲಿ? ಅವರಿಗೆ ಎರಡನೆಯದೇ ದಾರಿ, ಮತ್ತು ಬರೆದರೆ ಮಾತ್ರ ಅದು ಆಗುತ್ತದೆ. ಬರೆಯದೆ ‘ಮನಸ್ಸಿನಲ್ಲೇ ಯೋಚಿಸಿದೆ’ ಎಂದರೆ ಸಾಮಾನ್ಯವಾಗಿ ಅದೇ ನಾಲ್ಕು ವಿಚಾರ ಸುತ್ತಿ ಸುತ್ತಿ ಬರುತ್ತಿರುತ್ತದೆ.

ಹಾಗಾಗಿಯೇ ಶಿಕ್ಷಕರ ತರಬೇತಿ, ವೈದ್ಯಕೀಯ, ನರ್ಸಿಂಗ್, ಸಮಾಜಕಾರ್ಯದ ಕೋರ್ಸುಗಳಲ್ಲಿ ಇದು ಮೊದಲು ಬೇರೂರಿತು. ಪದವಿಯೊಂದಿಗೆ ಮುಗಿದುಹೋಗುವ ಅಭ್ಯಾಸವೂ ಅಲ್ಲ. ಬ್ರಿಟನ್ನಿನಲ್ಲಿ 2016ರ ಏಪ್ರಿಲ್‌ನಿಂದ ನರ್ಸ್‌ಗಳು ತಮ್ಮ ನೋಂದಣಿ ಉಳಿಸಿಕೊಳ್ಳಬೇಕಾದರೆ ಮೂರು ವರ್ಷಕ್ಕೊಮ್ಮೆ, ಬೇರೆ ದಾಖಲೆಗಳ ಜತೆ, ಐದು ರಿಫ್ಲೆಕ್ಟಿವ್ ಬರಹಗಳನ್ನೂ ಸಿದ್ಧಪಡಿಸಿರಬೇಕು.

ಓದಿನ ಮಟ್ಟಿಗೆ ಇದರ ಲಾಭ ಕಾಣಲು ಅಷ್ಟು ದೂರ ಹೋಗಬೇಕಿಲ್ಲ. ಪರೀಕ್ಷೆಯ ಉತ್ತರಪತ್ರಿಕೆ ಕೈಗೆ ಬಂದಾಗ ನಾವು ನೋಡುವುದು ಮೊದಲ ಪುಟದ ಅಂಕವನ್ನು. ಬೇಜಾರಾದರೆ ಪತ್ರಿಕೆ ಚೀಲಕ್ಕೆ ಹೋಗುತ್ತದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಮಾರ್ಷಾ ಲವೆಟ್ ಇದಕ್ಕೊಂದು ಸರಳ ಉಪಾಯ ಬಳಕೆಗೆ ತಂದರು. ಪತ್ರಿಕೆ ವಾಪಸು ಕೊಡುವಾಗಲೇ ಒಂದು ಪುಟ್ಟ ಹಾಳೆ ಕೊಡುವುದು: ಹೇಗೆ ತಯಾರಾದಿರಿ, ಅಂಕ ಯಾವ ಬಗೆಯ ತಪ್ಪಿನಿಂದ ಹೋಯಿತು, ಮುಂದಿನ ಸಲ ಏನು ಬದಲಿಸುತ್ತೀರಿ? ತುಂಬಿದ ಹಾಳೆಯನ್ನು ವಾಪಸು ತೆಗೆದುಕೊಂಡು, ಮುಂದಿನ ಪರೀಕ್ಷೆಯ ತಯಾರಿಗೆ ಮುಂಚೆ ಅವರ ಕೈಗೇ ಮತ್ತೆ ಕೊಡುವುದು. ‘ಲೆಕ್ಕಗಳನ್ನು ಬಿಡಿಸಿದೆ’ ಎಂದುಕೊಂಡವರು ಬರೆಯಲು ಕೂತಾಗ, ತಾವು ಮಾಡಿದ್ದು ಬಿಡಿಸಿಟ್ಟ ಲೆಕ್ಕಗಳನ್ನು ಓದಿ ತಲೆಯಾಡಿಸಿದ್ದು ಮಾತ್ರ ಎಂದು ಕಾಣುವುದುಂಟು. ತಾನು ಹೇಗೆ ಕಲಿಯುತ್ತಿದ್ದೇನೆ ಎಂಬುದರ ಬಗೆಗಿನ ಈ ತಿಳಿವಿಗೆ ಮನಶ್ಶಾಸ್ತ್ರದಲ್ಲಿ ಮೆಟಾಕಾಗ್ನಿಷನ್ ಎಂದು ಹೆಸರು. 1970ರ ದಶಕದಲ್ಲಿ ಜಾನ್ ಫ್ಲೇವೆಲ್ ಬಳಕೆಗೆ ತಂದದ್ದು.

ಕೆಲಸದ ಜಾಗದ ಒಂದು ಪ್ರಯೋಗವನ್ನೂ ಹೇಳಬೇಕು. 2014ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಪ್ರಬಂಧವೊಂದರಲ್ಲಿ ಪ್ರಕಟವಾದದ್ದು. ತರಬೇತಿಯಲ್ಲಿದ್ದ ಹೊಸ ನೌಕರರಲ್ಲಿ ಒಂದು ಗುಂಪು ದಿನದ ಕೊನೆಯ 15 ನಿಮಿಷ ಅಂದು ಕಲಿತದ್ದರ ಬಗ್ಗೆ ಬರೆಯಿತು. ಇನ್ನೊಂದು ಗುಂಪು ಆ 15 ನಿಮಿಷವನ್ನೂ ಕೆಲಸಕ್ಕೇ ಕೊಟ್ಟಿತು. ಕೊನೆಯ ಪರೀಕ್ಷೆಯಲ್ಲಿ ಬರೆದ ಗುಂಪಿನ ಸಾಧನೆ ಶೇ 20ಕ್ಕೂ ಹೆಚ್ಚು ಮುಂದಿತ್ತು. ಒಂದು ಪ್ರಯೋಗದಿಂದ ಎಲ್ಲವೂ ಸಾಬೀತಾಗುವುದಿಲ್ಲ ಎಂಬುದು ಸರಿ. ಆದರೆ ‘ಬರೆಯುವ ಹೊತ್ತಲ್ಲಿ ಇನ್ನೊಂದು ಅಧ್ಯಾಯ ಓದಬಹುದಿತ್ತು’ ಎನ್ನುವವರಿಗೆ ಹೇಳಲು ಇದೊಂದು ಉತ್ತರ.

ಮನಸ್ಸು ಹಗುರಾಗುತ್ತದೆ ಎಂಬ ಲಾಭವನ್ನು ಮಾತ್ರ ತುಸು ಎಚ್ಚರದಿಂದ ಹೇಳಬೇಕು. ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ತಮ್ಮ ಬದುಕಿನ ಆಘಾತದ ಬಗ್ಗೆ ಬರೆದಿದ್ದರು. ನಡೆದದ್ದನ್ನೂ ಅನಿಸಿದ್ದನ್ನೂ ಕೂಡಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಆದರೆ ಬರೆದ ಕೂಡಲೇ ಅವರ ಮನಸ್ಸು ಇನ್ನಷ್ಟು ಕದಡಿತ್ತು. ಅಸೈನ್‌ಮೆಂಟಿಗೆಂದು ಬರೆಯುವ ರಿಫ್ಲೆಕ್ಷನ್ ಆ ಬಗೆಯ ಬರಹವಲ್ಲ, ಆಗಬೇಕಾಗಿಯೂ ಇಲ್ಲ. ಒಂದೇ ಘಟನೆಯನ್ನು ಕೆದಕಿ ಕೆದಕಿ ನಿಮ್ಮನ್ನು ನೀವೇ ಬೈದುಕೊಳ್ಳುತ್ತಿದ್ದೀರಿ ಎನಿಸಿದರೆ ಪೆನ್ನು ಕೆಳಗಿಡಿ, ನಂಬಿಕೆಯವರ ಜತೆ ಮಾತಾಡಿ. ಕುತೂಹಲದಿಂದ ತನ್ನನ್ನು ನೋಡಿಕೊಳ್ಳುವುದಕ್ಕೂ ಕೊರಗುವುದಕ್ಕೂ ವ್ಯತ್ಯಾಸವಿದೆ.

ಮೊದಲ ಹಂತ: ಚಿಕ್ಕದೊಂದನ್ನು ಆರಿಸಿ

ಆರು ವಾರದ ಇಂಟರ್ನ್‌ಶಿಪ್ಪಿನ ಬಗ್ಗೆ ರಿಫ್ಲೆಕ್ಷನ್ ಬರೆಯಲಾಗದು. ಆ ಆರು ವಾರದಲ್ಲಿ ಒಂದು ಮಧ್ಯಾಹ್ನದ ಹತ್ತು ನಿಮಿಷದ ಬಗ್ಗೆ ಬರೆಯಬಹುದು. ಆರಿಸಲು ಒಂದೇ ಅಳತೆಗೋಲು: ನೀವು ಎಣಿಸಿದಂತೆ ಆಗದೆ ಹೋದದ್ದು ಎಲ್ಲಿ? ಚೆನ್ನಾಗಿ ವಿವರಿಸಿದೆ ಅಂದುಕೊಂಡ ಪಾಠ ಯಾರಿಗೂ ತಲೆಗೆ ಹತ್ತಲಿಲ್ಲ. ಸುಲಭ ಅಂದುಕೊಂಡ ಸಂದರ್ಶನದಲ್ಲಿ ಎದುರಿನವರು ಬಾಯಿಯೇ ಬಿಡಲಿಲ್ಲ. ಹೆದರಿಕೊಂಡೇ ಮಾಡಿದ ಸೆಮಿನಾರ್ ಸಲೀಸಾಗಿ ಆಗಿಹೋಯಿತು. ಈ ಕೊನೆಯದೂ ಲೆಕ್ಕಕ್ಕೆ ಬರುತ್ತದೆ. ಸೋತದ್ದರ ಬಗ್ಗೆಯೇ ಬರೆಯಬೇಕು ಎಂದು ಯಾರು ಹೇಳಿದರೋ ಗೊತ್ತಿಲ್ಲ. ಗೆದ್ದದ್ದು ಯಾಕೆ ಗೆದ್ದಿತು ಎಂದು ಬಿಡಿಸುವುದು ಎಷ್ಟೋ ಸಲ ಹೆಚ್ಚು ಕಷ್ಟ.

ಎರಡನೆಯ ಹಂತ: ಅದೇ ದಿನ ನಾಲ್ಕು ಸಾಲು ಗೀಚಿಡಿ

ಹೆಚ್ಚಿನವರು ಈ ಹಂತವನ್ನು ಹಾರಿಸಿಬಿಡುತ್ತಾರೆ. ಬರಹ ಸಪ್ಪೆಯಾಗಲು ಅರ್ಧ ಕಾರಣವೇ ಅದು. ಫಲಿತಾಂಶ ಗೊತ್ತಾದ ಮೇಲೆ ನಮ್ಮ ನೆನಪು ತನ್ನನ್ನು ತಾನು ತಿದ್ದಿಕೊಳ್ಳುತ್ತದೆ. ‘ಹೀಗಾಗುತ್ತದೆ ಅಂತ ನನಗೆ ಮೊದಲೇ ಗೊತ್ತಿತ್ತು’ ಎಂದು ನಿಜವಾಗಿಯೂ ಅನಿಸತೊಡಗುತ್ತದೆ. ಮನಶ್ಶಾಸ್ತ್ರಜ್ಞ ಬರೂಕ್ ಫಿಶ್‌ಹಾಫ್ 1975ರಲ್ಲಿ ಇದನ್ನು ಪ್ರಯೋಗಗಳಿಂದ ತೋರಿಸಿದರು. ತಿಂಗಳ ನಂತರ ಬರೆಯಲು ಕೂತರೆ ಆ ದಿನ ನೀವು ಏನೆಂದುಕೊಂಡಿದ್ದಿರಿ ಎಂಬ ಅಸಲು ಸರಕೇ ಕೈತಪ್ಪಿರುತ್ತದೆ.

ಆದ್ದರಿಂದ ನೋಟ್‌ಬುಕ್ಕೋ ಫೋನೋ, ಯಾವುದರಲ್ಲಾದರೂ ಸರಿ, ನಾಲ್ಕು ವಿಷಯ ಬರೆದಿಡಿ: ಏನಾಗುತ್ತದೆ ಅಂದುಕೊಂಡಿದ್ದೆ, ಏನಾಯಿತು, ಆ ಕ್ಷಣ ನಾನು ಏನು ಮಾಡಿದೆ, ಯಾರು ಏನಂದರು. ಆಡಿದ ಮಾತನ್ನು ಆದಷ್ಟು ಹಾಗ್ಹಾಗೇ ಬರೆಯಿರಿ. ವಾಕ್ಯ ಪೂರ್ತಿಯಾಗಬೇಕಿಲ್ಲ, ಕಾಗುಣಿತ ಸರಿ ಇರಬೇಕಿಲ್ಲ. ಸಲ್ಲಿಸಬೇಕಾದ ಭಾಷೆ ಬೇರೆಯಾದರೂ ಈ ಟಿಪ್ಪಣಿ ನೀವು ಮನೆಯಲ್ಲಿ ಆಡುವ ಭಾಷೆಯಲ್ಲೇ ಇರಲಿ. ಕಲಿತ ಭಾಷೆಯಲ್ಲಿ ಬರೆಯುವಾಗ ಕೈಗೆ ಸಿಗುವ ಪದವನ್ನು ಬರೆಯುತ್ತೇವೆ, ಮನಸ್ಸಿಗೆ ಬಂದದ್ದನ್ನಲ್ಲ.

ಮೂರನೆಯ ಹಂತ: ನಡೆದದ್ದನ್ನು ಚುಟುಕಾಗಿ ಮುಗಿಸಿ

ಘಟನೆ ಅರ್ಥವಾಗಲು ಎಷ್ಟು ಬೇಕೋ ಅಷ್ಟು. ಒಟ್ಟು ಬರಹದ ಕಾಲು ಭಾಗ ದಾಟಿದರೆ ಕತ್ತರಿಸಲು ಶುರುಮಾಡಿ. ಸಂಸ್ಥೆಯ ಇತಿಹಾಸ, ವಿಭಾಗಗಳ ಪಟ್ಟಿ, ಮೊದಲ ದಿನದ ಸ್ವಾಗತ: ಯಾವುದೂ ಬೇಡ. ಅನಿಸಿದ್ದಕ್ಕೂ ಒಂದೆರಡು ವಾಕ್ಯ ಸಾಕು, ಆದರೆ ನಿಖರವಾಗಿರಲಿ. ‘ಬೇಸರವಾಯಿತು’ ಎಂದು ಬರೆದದ್ದು ನಿಜಕ್ಕೂ ಬೇಸರವೇ? ಅವಮಾನವೇ? ಸಿಕ್ಕಿಬೀಳುವ ಭಯವೇ? ಭಾವನೆಯನ್ನು ಇಲ್ಲಿ ತರುವುದು ಓದುಗರ ಕರುಣೆ ಗಿಟ್ಟಿಸಲು ಅಲ್ಲ. ಎಲ್ಲಿ ಅಗೆಯಬೇಕು ಎಂದು ಅದು ಜಾಗ ತೋರಿಸುತ್ತದೆ. ಸಿಕ್ಕಿಬೀಳುವ ಭಯವಾಗಿದ್ದರೆ ಮುಚ್ಚಿಡುವಂಥದ್ದು ಏನೋ ಇತ್ತು ಎಂದಾಯಿತಲ್ಲ.

ನಾಲ್ಕನೆಯ ಹಂತ: ಅಂದುಕೊಂಡದ್ದನ್ನು ಹಿಡಿಯಿರಿ

ಬರಹದ ಜೀವ ಇಲ್ಲಿದೆ, ಹಾಗಾಗಿ ಇಲ್ಲಿ ನಿಧಾನವಾಗಿ ಹೋಗೋಣ. ಒಂದು ಸಂದರ್ಭ ಇಟ್ಟುಕೊಳ್ಳಿ. ನಾಲ್ವರ ಗ್ರೂಪ್ ಪ್ರೆಸೆಂಟೇಷನ್. ನಾಯಕತ್ವ ಒಬ್ಬ ವಿದ್ಯಾರ್ಥಿನಿಯದು. ಹಿಂದಿನ ರಾತ್ರಿ ಹನ್ನೊಂದಕ್ಕೆ ತಂಡದ ಒಬ್ಬ ಹುಡುಗ ತನ್ನ ಪಾಲಿನ ಸ್ಲೈಡು ಕಳಿಸುತ್ತಾನೆ. ಗ್ರಾಫ್ ಸರಿಯಿಲ್ಲ, ಅಕ್ಷರ ಕಿಕ್ಕಿರಿದಿವೆ. ಅವಳು ಎರಡು ಗಂಟೆಯವರೆಗೆ ಕೂತು ಎಲ್ಲವನ್ನೂ ಹೊಸದಾಗಿ ಮಾಡುತ್ತಾಳೆ, ಅವನಿಗೆ ಹೇಳುವುದಿಲ್ಲ. ಮರುದಿನ ಪರೀಕ್ಷಕರು ಅವನ ಗ್ರಾಫ್ ತೋರಿಸಿ ‘ಈ ಗೆರೆ ಇಲ್ಲಿ ಯಾಕೆ ಕುಸಿದಿದೆ?’ ಎಂದು ಕೇಳಿದಾಗ ಅವನು ಆ ಗ್ರಾಫನ್ನು ಮೊದಲ ಸಲ ನೋಡುತ್ತಿರುತ್ತಾನೆ. ಕೋಣೆಯಲ್ಲಿ ಮೌನ. ಅವಳೇ ನಡುವೆ ಬಾಯಿ ಹಾಕಿ ಉತ್ತರಿಸುತ್ತಾಳೆ. ತಂಡಕ್ಕೆ ಅಂಕ ಕಡಿಮೆ ಬರುತ್ತದೆ.

ಅವಳ ಮೊದಲ ಕರಡು ಹೀಗಿರಬಹುದು:

‘ನಮ್ಮ ತಂಡದ ಸದಸ್ಯನೊಬ್ಬ ಸರಿಯಾಗಿ ತಯಾರಾಗಿರಲಿಲ್ಲ. ಇದರಿಂದ ಪ್ರಶ್ನೋತ್ತರದಲ್ಲಿ ತೊಂದರೆಯಾಯಿತು. ತಂಡದಲ್ಲಿ ಸಂವಹನ ಬಹಳ ಮುಖ್ಯ ಎಂದು ಕಲಿತೆ. ಮುಂದಿನ ದಿನಗಳಲ್ಲಿ ಉತ್ತಮವಾಗಿ ಸಂವಹನ ನಡೆಸುತ್ತೇನೆ.’

ಇದರಲ್ಲಿ ಸುಳ್ಳಿಲ್ಲ, ಹುರುಳೂ ಇಲ್ಲ. ರಾತ್ರಿ ಎರಡರವರೆಗೆ ಕೂತು ಮಾಡಿದ ಕೆಲಸ ಎಲ್ಲಿ ಹೋಯಿತು?

ಒಳಗಿಳಿಯಲು ಎರಡು ಉಪಾಯಗಳಿವೆ. ಒಂದು, ತನಗೆ ತಾನೇ ‘ಯಾಕೆ’ ಎಂದು ಕೇಳಿಕೊಳ್ಳುತ್ತಾ ಹೋಗುವುದು, ಮೊದಲ ಉತ್ತರಕ್ಕೆ ಒಪ್ಪಿಕೊಳ್ಳದೆ. ಯಾಕೆ ಅವನಿಗೆ ಹೇಳಲಿಲ್ಲ? ಸಮಯವಿರಲಿಲ್ಲ. ಒಂದು ಮೆಸೇಜಿಗೆ ಎಷ್ಟು ಸಮಯ ಬೇಕು? ಹೇಳಿದ್ದರೆ ವಾದವಾಗುತ್ತಿತ್ತು. ಆಗಿದ್ದರೆ ಏನು ಹೋಗುತ್ತಿತ್ತು? ಸ್ಲೈಡು ಅವನ ಥರವೇ ಉಳಿಯಬಹುದಿತ್ತು. ಉಳಿದಿದ್ದರೆ? ನೋಡಲು ಚೆನ್ನಾಗಿರುತ್ತಿರಲಿಲ್ಲ. ಈಗ ಸಿಕ್ಕಿತು: ಒಳ್ಳೆಯ ಪ್ರೆಸೆಂಟೇಷನ್ ಅಂದರೆ ಒಳ್ಳೆಯ ಸ್ಲೈಡು ಎಂದು ಅವಳು ನಂಬಿದ್ದಳು. ಅದನ್ನು ಯಾರು ಅರ್ಥ ಮಾಡಿಕೊಂಡಿದ್ದಾರೆ ಎಂಬುದು ಅವಳ ಲೆಕ್ಕದಲ್ಲೇ ಇರಲಿಲ್ಲ.

ಇನ್ನೊಂದು ಉಪಾಯ ಸಂಸ್ಥೆಗಳಲ್ಲಿ ಜನ ಹೇಗೆ ಕಲಿಯುತ್ತಾರೆ ಎಂದು ಅಧ್ಯಯನ ಮಾಡಿದ ಅಮೆರಿಕದ ಕ್ರಿಸ್ ಆರ್ಜಿರಿಸ್ ಅವರದು. ಹಾಳೆಯನ್ನು ಉದ್ದಕ್ಕೆ ಎರಡು ಭಾಗ ಮಾಡಿ. ಬಲಗಡೆ ಆಡಿದ ಮಾತು ಬರೆಯಿರಿ, ಎಡಗಡೆ ಅದೇ ಹೊತ್ತಿನಲ್ಲಿ ಮನಸ್ಸಿನಲ್ಲಿದ್ದು ಬಾಯಿಗೆ ಬಾರದ್ದನ್ನು ಬರೆಯಿರಿ. ಬಲಗಡೆ: ‘ಸರಿ, ಸ್ಲೈಡು ಸಿಕ್ಕಿತು, ಥ್ಯಾಂಕ್ಸ್’. ಎಡಗಡೆ: ‘ಇವನ ಹತ್ತಿರ ಇಷ್ಟೇ ಆಗುವುದು ಅಂತ ಗೊತ್ತಿತ್ತು. ನಾನೇ ಮಾಡುತ್ತೇನೆ.’ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು, ಬೇರೆ ವ್ಯಾಖ್ಯಾನ ಬೇಕಿಲ್ಲ. ಸಂಭಾಷಣೆ ಇರುವ ಯಾವ ಘಟನೆಗೂ, ಅಂದರೆ ರೋಗಿಯ ಜತೆ, ಗೈಡ್ ಜತೆ, ಮಕ್ಕಳ ಜತೆ ನಡೆದದ್ದಕ್ಕೆ, ಇದಕ್ಕಿಂತ ಹರಿತವಾದ ಸಲಕರಣೆ ನಾನು ನೋಡಿಲ್ಲ. ಎಡಗಡೆಯ ಭಾಗವನ್ನು ಯಾರಿಗೂ ತೋರಿಸಬೇಕಿಲ್ಲ ಎಂಬುದನ್ನು ಮೊದಲೇ ನಿಶ್ಚಯಿಸಿಕೊಂಡು ಬರೆಯಿರಿ. ಇಲ್ಲದಿದ್ದರೆ ಅದೂ ಬಲಗಡೆಯಂತೆಯೇ ಸಭ್ಯವಾಗಿಬಿಡುತ್ತದೆ.

ಐದನೆಯ ಹಂತ: ಹಿಡಿದದ್ದನ್ನು ಅಲ್ಲಾಡಿಸಿ ನೋಡಿ

ಆರ್ಜಿರಿಸ್ ಮತ್ತು ಶಾನ್ 1974ರಲ್ಲಿ ಒಂದು ವ್ಯತ್ಯಾಸ ಗುರುತಿಸಿದ್ದರು. ಕೇಳಿದರೆ ನಾವು ಹೇಳುವ ತತ್ತ್ವ ಒಂದು, ನಮ್ಮ ನಡೆಯನ್ನು ನಿಜಕ್ಕೂ ನಡೆಸುತ್ತಿರುವ ತತ್ತ್ವ ಇನ್ನೊಂದು. ಎರಡರ ನಡುವಿನ ಅಂತರ ನಮಗೇ ಕಾಣುವುದಿಲ್ಲ. ನಮ್ಮ ವಿದ್ಯಾರ್ಥಿನಿಯನ್ನು ಹಿಂದಿನ ದಿನ ಕೇಳಿದ್ದರೆ ‘ಎಲ್ಲರೂ ಸೇರಿ ನಿರ್ಧರಿಸಬೇಕು’ ಎನ್ನುತ್ತಿದ್ದಳು. ಓದಿದ ಸಿದ್ಧಾಂತ ಉಪಯೋಗಕ್ಕೆ ಬರುವುದು ಹೀಗೆ. ಹೆಸರು, ವರ್ಷ ಹಾಕಿ ಒಂದು ಪ್ಯಾರಾ ಬರೆದು ಮುಂದೆ ಹೋಗುವುದರಿಂದ ಏನೂ ಆಗದು. ನಿಮ್ಮ ಘಟನೆಯಲ್ಲಿ ಕಾಣದಿದ್ದ ಏನನ್ನಾದರೂ ಆ ಸಿದ್ಧಾಂತ ತೋರಿಸಿದರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ತೆಗೆಯಿರಿ. ಸಿದ್ಧಾಂತವೇ ನಿಮ್ಮ ಅನುಭವಕ್ಕೆ ಹೊಂದುತ್ತಿಲ್ಲ ಎನಿಸಿದರೆ ಅದನ್ನೂ ಬರೆಯಬಹುದು. ಮೌಲ್ಯಮಾಪಕರು ಅಂಥ ಕಡೆ ತಲೆ ಎತ್ತಿ ಓದುತ್ತಾರೆ.

ಎದುರಿನವರ ಕಣ್ಣಿನಿಂದಲೂ ಒಮ್ಮೆ ನೋಡಿ. ಆ ಹುಡುಗನಿಗೆ ಆ ಮೌನದಲ್ಲಿ ಏನನಿಸಿರಬಹುದು? ಊಹಿಸಿ ಬರೆಯುವುದಕ್ಕಿಂತ ಸಾಧ್ಯವಾದರೆ ಹೋಗಿ ಕೇಳುವುದೇ ಲೇಸು. ಬಹಳ ಬರಹಗಳಲ್ಲಿ ‘ಅವರಿಗೆ ಬೇಸರವಾಗಿರಬೇಕು’ ಎಂಬ ಸಾಲು ಇರುತ್ತದೆ, ಕೇಳಿದ ಗುರುತು ಇರುವುದಿಲ್ಲ.

ಅಂಕ ಕೊಡುವವರು ಆಳವನ್ನು ಹೇಗೆ ಅಳೆಯುತ್ತಾರೆ ಎಂಬುದೂ ತಿಳಿದಿರಲಿ. ಆಸ್ಟ್ರೇಲಿಯಾದಲ್ಲಿ ಶಿಕ್ಷಕ ತರಬೇತಿಯವರ ಬರಹಗಳನ್ನು ನೋಡಿ ಹ್ಯಾಟನ್ ಮತ್ತು ಸ್ಮಿತ್ 1995ರಲ್ಲಿ ನಾಲ್ಕು ಬಗೆ ಗುರುತಿಸಿದರು. ಬರೀ ನಡೆದದ್ದರ ವರ್ಣನೆ. ಅದಕ್ಕೆ ಒಂದಿಷ್ಟು ಕಾರಣ ಸೇರಿಸಿದ್ದು. ತನ್ನೊಡನೆ ತಾನೇ ವಾದಿಸಿ ಬೇರೆ ಸಾಧ್ಯತೆಗಳನ್ನು ತೂಗಿದ್ದು. ಕೊನೆಯದಾಗಿ, ಆ ಘಟನೆಯನ್ನು ಅದರಾಚೆಗಿನ ಸಮಾಜ, ಇತಿಹಾಸ, ಅಧಿಕಾರದ ಸಂದರ್ಭದಲ್ಲಿ ಇಟ್ಟು ನೋಡಿದ್ದು. ಹಲವು ಕಡೆ ಮೌಲ್ಯಮಾಪನದ ಪಟ್ಟಿಗಳು ಇದನ್ನೇ ಹೋಲುತ್ತವೆ. ಮೂರನೆಯದನ್ನು ಮುಟ್ಟಿದರೆ ಒಳ್ಳೆಯ ಬರಹವೇ. ನಾಲ್ಕನೆಯದಕ್ಕೆ ಬಲವಂತವಾಗಿ ಹಾರಬೇಡಿ. ಒಂದು ಸ್ಲೈಡಿನ ಜಗಳವನ್ನು ಇಡೀ ಶಿಕ್ಷಣ ವ್ಯವಸ್ಥೆಯ ತಲೆಗೆ ಕಟ್ಟಿದ ಬರಹ ಓದಲು ಕಷ್ಟ.

ಆರನೆಯ ಹಂತ: ಮುಂದೆ ಮಾಡುವ ಒಂದು ಕೆಲಸ

‘ಇನ್ನು ಮುಂದೆ ಜಾಗರೂಕಳಾಗಿರುತ್ತೇನೆ’ ಎಂಬುದು ಕೆಲಸವಲ್ಲ. ಮಾಡಿದಿರೋ ಇಲ್ಲವೋ ಎಂದು ಇನ್ನೊಬ್ಬರು ನೋಡಿ ಹೇಳುವಂತಿದ್ದರೆ ಕೆಲಸ. ಹಾಗೆ ನೋಡಿದರೆ ಆ ವಿದ್ಯಾರ್ಥಿನಿಯ ಎರಡನೆಯ ಕರಡು ಹೀಗಾಗಬಹುದು:

‘ಪರೀಕ್ಷಕರು ಕೇಳಿದಾಗ ಅವನು ಉತ್ತರಿಸದೆ ನಿಂತದ್ದಕ್ಕೆ ಅವನ ತಯಾರಿಯೇ ಕಾರಣ ಎಂದು ಅಂದು ಸಂಜೆವರೆಗೂ ಅಂದುಕೊಂಡಿದ್ದೆ. ಆದರೆ ಅವನು ತಯಾರಾಗಿದ್ದ ಗ್ರಾಫ್ ಬೇರೆ; ತೆರೆಯ ಮೇಲಿದ್ದದ್ದು ನನ್ನದು. ತಿದ್ದಿದ ವಿಷಯ ಹೇಳದಿರಲು ಸಮಯದ ಅಭಾವ ಒಂದು ನೆಪ. ಹೇಳಿದರೆ ಅವನು ಒಪ್ಪದೆ ಇರಬಹುದಿತ್ತು, ಅದು ನನಗೆ ಬೇಕಿರಲಿಲ್ಲ. ತಂಡದಲ್ಲಿ ಎಲ್ಲರೂ ಸೇರಿ ನಿರ್ಧರಿಸಬೇಕು ಎಂದು ಹೇಳುವವಳು ನಾನೇ, ಆದರೆ ಅಂಕ ಹೋಗುತ್ತದೆ ಎನಿಸಿದ ಕೂಡಲೇ ಒಬ್ಬಳೇ ನಿರ್ಧರಿಸಿದೆ. ಗ್ರಾಫ್ ತಪ್ಪಿತ್ತು ಎಂಬುದೂ ನಿಜ, ಹಾಗಾಗಿ ಸುಮ್ಮನಿರುವುದೂ ಸರಿಯಾಗುತ್ತಿರಲಿಲ್ಲ. ಮುಂದಿನ ಪ್ರಾಜೆಕ್ಟಿನಲ್ಲಿ ಎಲ್ಲರ ಸ್ಲೈಡೂ ಮೂರು ದಿನ ಮುಂಚೆ ಒಂದು ಕಡೆ ಸೇರಬೇಕೆಂದು ಮೊದಲ ಸಭೆಯಲ್ಲೇ ಕೇಳುತ್ತೇನೆ. ಬೇರೆಯವರ ಸ್ಲೈಡು ತಿದ್ದಬೇಕೆನಿಸಿದರೆ ತಿದ್ದುವ ಮುಂಚೆ ಅವರಿಗೆ ಫೋನ್ ಮಾಡುತ್ತೇನೆ.’

ಮೊದಲ ಕರಡಿಗಿಂತ ಉದ್ದವಾಗಿದೆ, ಆದರೆ ಉದ್ದವೇ ಮುಖ್ಯ ವ್ಯತ್ಯಾಸವಲ್ಲ. ‘ಗ್ರಾಫ್ ತಪ್ಪಿತ್ತು ಎಂಬುದೂ ನಿಜ’ ಎಂಬ ವಾಕ್ಯ ನೋಡಿ. ಎಲ್ಲ ತಪ್ಪನ್ನೂ ತನ್ನ ಮೇಲೆ ಎಳೆದುಕೊಂಡು ಕೈತೊಳೆದುಕೊಂಡಿಲ್ಲ. ತಪ್ಪೊಪ್ಪಿಗೆಯ ಧಾಟಿಗೆ ಇಳಿದ ಬರಹ ಪ್ರಾಮಾಣಿಕವಾಗಿ ಕಂಡರೂ ಯೋಚನೆಯನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತದೆ.

ಯಾವ ಚೌಕಟ್ಟು ಹಿಡಿಯಬೇಕು?

ನಿಮ್ಮ ವಿಭಾಗ ಒಂದನ್ನು ಹೇಳಿದ್ದರೆ ಅದನ್ನೇ ಹಿಡಿಯಿರಿ, ವಾದ ಬೇಡ. ಆಯ್ಕೆ ನಿಮ್ಮದಾದರೆ, ದಿನದ ಟಿಪ್ಪಣಿಗೆ ಟೆರ್ರಿ ಬಾರ್ಟನ್ 1970ರಲ್ಲಿ ಕೊಟ್ಟ ಮೂರು ಪ್ರಶ್ನೆ ಸಾಕು: ಏನಾಯಿತು? ಆದರೇನು? ಈಗೇನು? ನಡುವಿನ ಪ್ರಶ್ನೆಗೆ ಹೆಚ್ಚು ಜಾಗ ಕೊಡಿ. ಗ್ರಹಾಂ ಗಿಬ್ಸ್ 1988ರಲ್ಲಿ ರೂಪಿಸಿದ ಚಕ್ರಕ್ಕೆ ಆರು ಹಂತ: ವಿವರಣೆ, ಭಾವನೆ, ಒಳಿತು-ಕೆಡುಕಿನ ತೂಕ, ವಿಶ್ಲೇಷಣೆ, ತೀರ್ಮಾನ, ಮುಂದಿನ ಯೋಜನೆ. ಹೊಸಬರಿಗೆ ದಾರಿ ಕಾಣಿಸುವುದರಲ್ಲಿ ಇದು ಒಳ್ಳೆಯದು. ತೊಂದರೆ ಏನೆಂದರೆ ವಿದ್ಯಾರ್ಥಿಗಳು ಆರು ಖಾನೆಗಳಿರುವ ಅರ್ಜಿ ನಮೂನೆಯಂತೆ ಇದನ್ನು ತುಂಬುತ್ತಾರೆ, ವಿವರಣೆಗೆ ಒಂದು ಪುಟ, ವಿಶ್ಲೇಷಣೆಗೆ ಎರಡು ಸಾಲು. ಡೇವಿಡ್ ಕೋಲ್ಬ್ 1984ರಲ್ಲಿ ವಿವರಿಸಿದ ಚಕ್ರದಲ್ಲಿ ಅನುಭವ, ಅವಲೋಕನ, ಅದರಿಂದ ಹುಟ್ಟುವ ಪರಿಕಲ್ಪನೆ, ಮತ್ತೆ ಪ್ರಯೋಗ ಎಂಬ ನಾಲ್ಕು ಘಟ್ಟಗಳಿವೆ. ಒಂದೇ ಕೆಲಸವನ್ನು ಹಲವು ಸಲ ಮಾಡುವ ಲ್ಯಾಬ್, ಪಾಠ ಅಭ್ಯಾಸದಂಥ ಕಡೆ ಅದು ಹೆಚ್ಚು ಒಗ್ಗುತ್ತದೆ.

ಸಲ್ಲಿಸುವ ಮುಂಚೆ

ಒಮ್ಮೆ ಗಟ್ಟಿಯಾಗಿ ಓದಿ. ‘ಮಾಡಲಾಯಿತು’, ‘ನಿರ್ಧರಿಸಲಾಯಿತು’ ಎಂಬಂಥ ಕರ್ತೃವಿಲ್ಲದ ಕ್ರಿಯಾಪದ ಬಂದಲ್ಲೆಲ್ಲ ‘ಯಾರು?’ ಎಂದು ಕೇಳಿ. ಸಂಶೋಧನಾ ವರದಿಯಲ್ಲಿ ಒಪ್ಪುವ ಆ ಧಾಟಿ ಇಲ್ಲಿ ಅಡಗಿಕೊಳ್ಳುವ ಜಾಗವಾಗುತ್ತದೆ. ‘ನಾನು’ ಎಂದು ಬರೆಯಲು ಹಿಂಜರಿಯಬೇಡಿ. ‘ಅರಿವಾಯಿತು’ ಎಂದು ಬಂದಲ್ಲಿ ಏನರಿವಾಯಿತು, ಅದಕ್ಕೆ ಮುಂಚೆ ಏನಂದುಕೊಂಡಿದ್ದಿರಿ ಎಂಬೆರಡೂ ಇವೆಯೇ ನೋಡಿ.

ಬೇರೆಯವರ ಗುಟ್ಟು ನಿಮ್ಮ ಅಂಕಕ್ಕೆ ಸರಕಾಗಬಾರದು. ರೋಗಿ, ಶಾಲೆಯ ಮಗು, ಸಹಪಾಠಿ, ಮೇಲ್ವಿಚಾರಕರು, ಯಾರ ಹೆಸರೂ ಬೇಡ. ಹೆಸರು ತೆಗೆದರಷ್ಟೇ ಸಾಲದು. ವಾರ್ಡು, ದಿನಾಂಕ, ಅಪರೂಪದ ಕಾಯಿಲೆ ಮೂರೂ ಇದ್ದರೆ ಯಾರೆಂದು ತಿಳಿದುಬಿಡುತ್ತದೆ. ನಿಮ್ಮ ಗುಟ್ಟಿಗೂ ಇದೇ ಮಾತು. ಇದನ್ನು ಓದುವವರು ನಿಮಗೆ ಅಂಕ ಕೊಡುವವರು ಎಂಬ ಒತ್ತಡ ಈ ಅಭ್ಯಾಸದೊಳಗೇ ಇರುವ ತೊಡಕು. ಇಲ್ಲವೆಂದು ನಟಿಸಿ ಪ್ರಯೋಜನವಿಲ್ಲ. ಆದ್ದರಿಂದ ಎರಡು ಬರಹ ಇಟ್ಟುಕೊಳ್ಳಿ. ಪೂರ್ತಿ ನಿಜ ಇರುವುದು ನಿಮ್ಮ ನೋಟ್‌ಬುಕ್ಕಿನಲ್ಲಿ. ಸಲ್ಲಿಸುವುದು ಅದರಿಂದ ಆರಿಸಿದ್ದು. ಆರಿಸುವಾಗ ಬಿಡಬಹುದು, ಸುಳ್ಳು ಸೇರಿಸಬಾರದು.

ಎಐ ಸಾಧನಕ್ಕೆ ಬರೆಯಲು ಹೇಳಿದರೆ ಮೇಲಿನ ಮೊದಲ ಕರಡಿನಂಥದ್ದನ್ನೇ ಇನ್ನೂ ನುಣುಪಾಗಿ ಬರೆದುಕೊಡುತ್ತದೆ. ಆ ರಾತ್ರಿ ನೀವು ಏನಂದುಕೊಂಡಿದ್ದಿರಿ ಎಂಬುದು ಅದಕ್ಕೆ ಸಿಗುವ ದಾರಿಯಿಲ್ಲ. ನಿಯಮ ಒಪ್ಪುವುದಾದರೆ ಪ್ರಶ್ನೆ ಕೇಳಿಸಿಕೊಳ್ಳಲು ಬಳಸಿ: ನಿಮ್ಮ ಟಿಪ್ಪಣಿ ಕೊಟ್ಟು, ಉತ್ತರ ಹೇಳದೆ ಬರೀ ‘ಯಾಕೆ’ ಎಂದು ಕೇಳುತ್ತಾ ಹೋಗಲು ಹೇಳಿ. ಬೇರೆಯವರ ವಿವರವನ್ನು ಅಲ್ಲಿಗೂ ಹಾಕಬೇಡಿ.

ಸೆಮಿಸ್ಟರ್ ಮುಗಿದ ಮೇಲೆ ಆ ನೋಟ್‌ಬುಕ್ಕನ್ನು ಎಸೆಯಬೇಡಿ. ‘ತಂಡದಲ್ಲಿ ಭಿನ್ನಾಭಿಪ್ರಾಯ ಬಂದಾಗ ಏನು ಮಾಡಿದಿರಿ, ಒಂದು ಉದಾಹರಣೆ ಹೇಳಿ’ ಎಂಬ ಪ್ರಶ್ನೆ ಕೆಲಸದ ಸಂದರ್ಶನಗಳಲ್ಲಿ ಬರುತ್ತಲೇ ಇರುತ್ತದೆ. ಸಂದರ್ಶನದ ಹಿಂದಿನ ದಿನ ಹಳೆಯ ಪುಟ ತಿರುವಿ, ಆರನೆಯ ಹಂತದಲ್ಲಿ ‘ಮಾಡುತ್ತೇನೆ’ ಎಂದು ಬರೆದ ಕೆಲಸಗಳಲ್ಲಿ ನಿಜಕ್ಕೂ ಮಾಡಿದ್ದು ಯಾವುವು ಎಂದು ಗುರುತು ಹಾಕಿಕೊಳ್ಳಿ. ಹೇಳಬೇಕಾದ ಉದಾಹರಣೆಗಳು ಅವೇ.